ಭಾವನ ಜ್ವರದ ಬೆನ್ನು ಹತ್ತಿ ಕಾರವಾರಕ್ಕೆ

ಹುಬ್ಬಳ್ಳಿಯಿಂದ ಹೊರಟ ಬಸ್ಸು ಅರಬೈಲು ಘಟ್ಟದಲ್ಲಿ ನಿಂತೇಬಿಟ್ಟಿತು. ತಿರುವಿನಲ್ಲಿ ಅದಿರು ಲಾರಿಯೊಂದು ಕೆಟ್ಟಿತ್ತು. ಬೇಲೇಕೇರಿ ಬಂದರಿಗೆ ಅದಿರು ಸಾಗುತ್ತಿದ್ದ ವರ್ಷಗಳವು. ಬೆಳಗಿನ ಬಸ್ಸು ಹತ್ತಿದರೂ ಅಂಕೋಲೆಗೆ ಯಾವಾಗ ಮುಟ್ಟುತ್ತೇವೆಂದು ಹೇಳುವಂತಿರಲಿಲ್ಲ. ಮಾರ್ಚ್ ತಿಂಗಳ ಸೆಕೆ. ಕಿಟಕಿ ತೆಗೆದರೆ ಕೆಂಪು ಧೂಳು, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹಿಂದಿನ ಸಂಜೆ ಅಕ್ಕ ಸುಮಿತ್ರಾ ಫೋನಿನಲ್ಲಿ ಹೇಳಿದ್ದೊಂದೇ ತಲೆಯಲ್ಲಿ ಸುತ್ತುತ್ತಿತ್ತು: "ಜ್ವರ ಇಳೀತಾನೇ ಇಲ್ಲ. ಡಾಕ್ಟ್ರಿಗೂ ಗೊತ್ತಾಗ್ತಾ ಇಲ್ಲ. ನೀ ಬಂದ್ಬಿಡು."

ಭಾವ ಗಜಾನನನಿಗೆ ಹಿಂದಿನ ವರ್ಷ ಮೂತ್ರಪಿಂಡ ಕಸಿ ಆಗಿತ್ತು. ಕೊಟ್ಟವರು ಅವನ ತಾಯಿ ತುಳಸಮ್ಮ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ, ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ಅವನು ದಿನವೂ ನುಂಗುತ್ತಿದ್ದ. ಅಂಥವನಿಗೆ ಜ್ವರ ಎಂದರೆ ನಮಗೆ ಬರುವಂಥ ಜ್ವರವಲ್ಲ.

ಮಧ್ಯಾಹ್ನ ದಾಟಿದ ಮೇಲೆ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ರಿಕ್ಷಾ ಹಿಡಿದು ಬೊಬ್ರುವಾಡಕ್ಕೆ ಹೋದೆ. ಮಗನ ಬಟ್ಟೆಬರೆ ತರಲು ಕಾರವಾರದ ಆಸ್ಪತ್ರೆಯಿಂದ ಮನೆಗೆ ಬಂದಿದ್ದ ತುಳಸಮ್ಮನನ್ನು ಜೊತೆಗೆ ಕರೆದುಕೊಂಡು ಬಾ ಎಂದು ಅಕ್ಕ ಹೇಳಿದ್ದಳು. ಅವರು ಹೊರಟೇ ಕೂತಿದ್ದರು. ಆದರೂ ನನ್ನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲು ಮನಸ್ಸಾಗದೆ ಗಂಜಿ, ಒಣಸಿಗಡಿ ಚಟ್ನಿ ಬಡಿಸಿದರು. ಅರ್ಧ ಉಂಡು ಕೈ ತೊಳೆದೆ.

ಕಾರವಾರದ ಬಸ್ಸಿನಲ್ಲಿ ಅವರು ತಮ್ಮ ಚೀಲವನ್ನು ಮೇಲೆ ಇಡಲು ಬಿಡಲಿಲ್ಲ. "ಬ್ಯಾಡ ತಮಾ, ಕಾಲ್ಮೇಲೇ ಇರ್ಲಿ" ಎಂದು ಅಪ್ಪಿಕೊಂಡು ಕೂತರು. ಬಸ್ಸು ಅವರ್ಸಾ, ಅಮದಳ್ಳಿ, ಬಿಣಗಾ ದಾಟಿತು. ದಾರಿಯುದ್ದಕ್ಕೂ ಒಂದೇ ಮಾತು: "ಅಂವ ಉಳೀತ ಹೌದಾ?"

ಆಸ್ಪತ್ರೆಯ ವಾರ್ಡಿನಲ್ಲಿ ಭಾವ ಕಣ್ಣು ಮುಚ್ಚಿ ಮಲಗಿದ್ದ. ತುಟಿ ಒಡೆದಿತ್ತು. ಅಕ್ಕ ನನ್ನನ್ನು ನೇರವಾಗಿ ಡಾಕ್ಟರ ಕೋಣೆಗೆ ಕರೆದೊಯ್ದಳು. ಡಾಕ್ಟರು ನನಗಿಂತ ಚಿಕ್ಕ ಪ್ರಾಯದ ಹೆಂಗಸು. ಸರಿಯಾಗಿ ನಿದ್ದೆ ಮಾಡಿದಂತಿರಲಿಲ್ಲ. ರಕ್ತದ ಪರೀಕ್ಷೆಯ ವರದಿಯನ್ನು ನನ್ನ ಮುಂದೆ ಸರಿಸಿದರು.

"ಲ್ಯಾಕ್ಟೋಬ್ಯಾಸಿಲಸ್. ನೀವು ಬಿಯರ್ ಕಾರ್ಖಾನೆಯ ಲ್ಯಾಬಿನಲ್ಲಿದ್ದೀರಂತಲ್ಲ, ಈ ಹೆಸರು ಹೊಸದಲ್ಲ."

ಹೊಸದೇನು, ನನ್ನ ಕೆಲಸವೇ ಅದು. ಬಿಯರಿನ ತೊಟ್ಟಿಗೆ ಈ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಹೊಕ್ಕರೆ ಇಡೀ ತೊಟ್ಟಿ ಹುಳಿಯಾಗಿ ಚೆಲ್ಲಬೇಕಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಆ ಸಣ್ಣ ಕಡ್ಡಿಗಳನ್ನು ಹುಡುಕುವುದರಲ್ಲೇ ನನ್ನ ದಿನಗಳು ಕಳೆಯುತ್ತವೆ. ಅದು ಮನುಷ್ಯನ ರಕ್ತದಲ್ಲಿ ಸಿಕ್ಕಿದ್ದನ್ನು ನಾನು ಕೇಳಿರಲಿಲ್ಲ.

"ಇದು ನಮ್ಮೆಲ್ಲರ ಹೊಟ್ಟೆಯಲ್ಲೂ ಇರುತ್ತದೆ, ಒಳ್ಳೆಯದನ್ನೇ ಮಾಡುತ್ತದೆ. ರಕ್ತದಲ್ಲಿ ಕಂಡರೆ ಪರೀಕ್ಷೆಯಲ್ಲೇ ಏನೋ ಕಲಬೆರಕೆ ಅಂದುಕೊಳ್ಳುತ್ತೇವೆ. ಮೊದಲ ಸಲ ನಾನೂ ಹಾಗೇ ಅಂದುಕೊಂಡೆ. ಎರಡನೇ ಸಲವೂ ಅದೇ ಬಂತು. ಇದು ನಿಜವಾದರೆ ಈಗ ಕೊಡ್ತಿರೋ ಔಷಧಿಗೆ ಇದು ಜಗ್ಗೋದಿಲ್ಲ, ಬೇರೆಯದು ಕೊಡಬೇಕು. ಆದರೆ ಕಿಡ್ನಿ ಈಗಾಗಲೇ ದಣಿದಿದೆ. ಕಾರಣ ತಿಳಿಯದೆ ಒಂದರ ಮೇಲೊಂದು ಔಷಧಿ ಸುರಿಯೋಕೆ ನನಗೆ ಧೈರ್ಯವಿಲ್ಲ. ಇವರು ಹುಳಿ ಬಂದದ್ದು ಏನಾದರೂ ಕುಡಿಯುತ್ತಿದ್ದರಾ? ಮನೆಯವರು ಇಲ್ಲ ಅಂತಾರೆ."

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವಳ ಮುಖ ನೋಡಿದರೆ ಸುಳ್ಳಾಡುವಂತಿರಲಿಲ್ಲ.

ವಾರ್ಡಿಗೆ ಮರಳಿದಾಗ ತುಳಸಮ್ಮ ಮಗನ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದಿದ್ದರು. ಮಂಚದ ಮೇಲೆ ಸ್ಟೀಲಿನ ಥರ್ಮಾಸ್. ಅದರ ಮುಚ್ಚಳಕ್ಕೆ ಏನೋ ಬಗ್ಗಿಸಿ ಅವನ ತುಟಿಗೆ ಹಿಡಿಯುತ್ತಿದ್ದರು. ಬಾಗಿಲಲ್ಲೇ ನನ್ನ ಮೂಗಿಗೆ ವಾಸನೆ ಬಡಿಯಿತು. ಯೀಸ್ಟಿನ ಘಾಟು, ಅದರ ಕೆಳಗೆ ಚೂಪು ಹುಳಿ. ಓಡಿಹೋಗಿ ಅವರ ಮಣಿಕಟ್ಟು ಹಿಡಿದೆ. ಮುಚ್ಚಳ ಕೆಳಗೆ ಬಿತ್ತು.

"ಗಂಜಿ ತಿಳಿ ತಮಾ, ಗಂಜಿ ತಿಳಿ" ಎಂದರು.

"ಇದು ಕಳ್ಳು, ಅಮ್ಮಾ."

ಪಕ್ಕದ ಮಂಚದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ತುಳಸಮ್ಮ ಥರ್ಮಾಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ವರಾಂಡಕ್ಕೆ ನಡೆದರು. ನಾನೂ ಅಕ್ಕನೂ ಹಿಂದೆ ಹೋದೆವು.

"ಆ ಗುಳ್ಗಿ ತಿಂದೂ ತಿಂದೂ ಅವ್ನ ಮೈಯೆಲ್ಲಾ ಉಷ್ಣ ಆಗಿತ್ತು. ಅನ್ನ ಸೇರೂದಿಲ್ಲ, ಹೊಟ್ಟೆ ಸಮ ಇಲ್ಲ. ದೇವಬಾಗ ನನ್ನ ತವರು. ನಮ್ಮಲ್ಲಿ ಹೊಟ್ಟೆ ಕೆಟ್ರೆ ಸಣ್ಣ ಮಕ್ಳಿಗೂ ಒಂದ್ ಗುಟುಕು ಸೂರ, ಈ ಕಳ್ಳೇ, ಕೊಡೂದು. ಅಣ್ಣನ ಮಗ ಬೆಳಗಾ ಮುಂಚೆ ಇಳಿಸಿ ಬಸ್ಸಿಗೆ ಕೊಟ್ ಕಳಿಸ್ತಿದ್ದ. ಅಂಕೋಲೆಗೆ ಬರೂದ್ರೊಳಗೆ ಹುಳಿ ಆಗ್ತಿತ್ತು. ಹುಳಿ ಆದ್ರೆ ನಶೆಯಿಲ್ಲ, ಒಳ್ಳೇದೇ ಅಂದ್ಕಂಡ್ ಕೊಟ್ಟೆ."

"ನಂಗ್ಯಾಕೆ ಹೇಳ್ಲಿಲ್ಲ ಅತ್ತೆ?" ಅಕ್ಕ ಅವರ ಎದುರಿಗೆ ಬಂದು ನಿಂತಳು.

"ಹೇಳಿದ್ರೆ ನೀ ಬಿಡ್ತಿದ್ಯೇ?"

ಡಾಕ್ಟರು ಅದನ್ನೇ ಕೇಳುತ್ತಿದ್ದಾರೆ, ಜ್ವರಕ್ಕೆ ಈ ಹುಳಿಯೇ ಕಾರಣವಿರಬಹುದು ಎಂದು ನಾನು ಹೇಳಿದೆ. ತುಳಸಮ್ಮ ಗೋಡೆಗೆ ಆನಿಕೊಂಡರು. "ನಾ ಕೊಟ್ಟ ಕಿಡ್ನಿ ನಾನೇ ಹಾಳ್ಮಾಡ್ದೆ ಅಂತಾರಾ?"

ನಾನೇ ಹೋಗಿ ಡಾಕ್ಟರಿಗೆ ತಿಳಿಸುತ್ತೇನೆ ಎಂದೆ. ಬೇಡವೆಂದು ಕೈಯಾಡಿಸಿ, ಥರ್ಮಾಸ್ ಹಿಡಿದುಕೊಂಡು ಒಬ್ಬರೇ ಡಾಕ್ಟರ ಕೋಣೆಯೊಳಗೆ ಹೋದರು. ಬಾಗಿಲು ಮುಚ್ಚಿತು. ಆಮೇಲೆ ಡಾಕ್ಟರು ಹೊರಬಂದು, ಕಸಿ ಮಾಡಿದ ಆಸ್ಪತ್ರೆಗೆ ಫೋನು ಮಾಡಿ, ನರ್ಸಿಗೆ ಹೊಸ ಔಷಧಿಯ ಹೆಸರು ಹೇಳಿದರು. ಬೈದ ಸದ್ದು ನನಗೆ ಕೇಳಿಸಲಿಲ್ಲ.

ಮರುದಿನ ಕಾಳಿ ಸೇತುವೆ ದಾಟಿ ದೇವಬಾಗಕ್ಕೆ ಹೋದೆ. ಇನ್ನು ಕಳಿಸಬೇಡಿ ಎಂದು ಹೇಳುವುದಿತ್ತು. ವಾರ್ಡಿನಲ್ಲಿ ಸುಮ್ಮನೆ ಕಾಯುವ ಶಕ್ತಿಯೂ ನನಗಿರಲಿಲ್ಲ. ತುಳಸಮ್ಮನ ಅಣ್ಣನ ಮಗ ನಾಗೇಶ ತೆಂಗಿನ ಮರದಿಂದ ಇಳಿದು ಬಂದ. ಹೇಳಿದ್ದನ್ನು ನಂಬಲಿಲ್ಲ.

"ನಮ್ಮಜ್ಜ ಜೀವಮಾನ ಪೂರಾ ಕುಡ್ದ. ಅವ್ನಿಗೆಂತೂ ಆಗ್ಲಿಲ್ಲ."

"ನಿಮ್ಮಜ್ಜನ ಮೈಯಲ್ಲಿ ಅದನ್ನ ತಡೆಯೋ ಶಕ್ತಿ ಇತ್ತು, ನಾಗೇಶ. ಭಾವನಿಗೆ ಅದನ್ನ ಮಾತ್ರೆ ಕೊಟ್ಟು ಕಡಿಮೆ ಮಾಡಿದ್ದಾರೆ. ನಮ್ಮ ಹೊಟ್ಟೆಯಲ್ಲಿ ಸುಮ್ಮನಿರೋದು ಅವನಲ್ಲಿ ಕರುಳು ದಾಟಿ ರಕ್ತಕ್ಕೆ ಹೋಗಬಹುದು."

ಅವನು ಕಳ್ಳಿನ ಮಡಕೆ ಕೆಳಗಿಟ್ಟು ಮರಳಿನ ಮೇಲೆ ಕುಕ್ಕುರುಗಾಲಲ್ಲಿ ಕೂತ. "ಅತ್ತೆ ಊಟ ಮಾಡಿದ್ಳಾ?" ಎಂದಷ್ಟೇ ಕೇಳಿದ.

ಆ ಸಂಜೆಯೂ ಜ್ವರ ಇಳಿಯಲಿಲ್ಲ. ಮೂತ್ರ ಇನ್ನೂ ಕಡಿಮೆಯಾಯಿತು. ಡಯಾಲಿಸಿಸ್ ಬೇಕಾಗಬಹುದು ಎಂದರು ಡಾಕ್ಟರು. ತುಳಸಮ್ಮ ಮಂಚದ ಹತ್ತಿರ ಹೋಗದೆ ವರಾಂಡದ ಬೆಂಚಿನಲ್ಲೇ ಕೂತಿದ್ದರು. ನಾನು ತಂದ ಬನ್ನನ್ನು ಮುಟ್ಟಲಿಲ್ಲ. ಅದರ ಮರುದಿನ ಬೆಳಿಗ್ಗೆ ಅಕ್ಕ ಓಡಿ ಬಂದಳು. ಭಾವ ಬೆವರುತ್ತಿದ್ದ, ಅಂಗಿ ಪೂರಾ ಒದ್ದೆ. ಮಧ್ಯಾಹ್ನದ ಹೊತ್ತಿಗೆ ಮೈ ತಣ್ಣಗಾಗಿತ್ತು. ಡಯಾಲಿಸಿಸ್ ಬೇಕಾಗಲಿಲ್ಲ.

"ಕಳ್ಳಿನಿಂದಲೇ ಬಂತು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ" ಎಂದರು ಡಾಕ್ಟರು. "ಆದರೆ ಆ ಅಮ್ಮ ಬಾಯಿ ಬಿಡದಿದ್ದರೆ ಔಷಧಿ ಬದಲಿಸೋಕೆ ನಾನು ಇನ್ನೂ ಹಿಂದೆಮುಂದೆ ನೋಡ್ತಿದ್ದೆ."

ಹುಬ್ಬಳ್ಳಿಗೆ ಹೊರಡುವ ದಿನ ಹೇಳಿಹೋಗಲು ವಾರ್ಡಿಗೆ ಹೋದೆ. ಭಾವ ದಿಂಬಿಗೆ ಒರಗಿ ಕೂತಿದ್ದ. ಅಕ್ಕನ ಒತ್ತಾಯಕ್ಕೆ ಒಳಗೆ ಬಂದಿದ್ದ ತುಳಸಮ್ಮ ಮಂಚದ ಪಕ್ಕ ನಿಂತಿದ್ದರು. ಅವನು ನೀರು ಕೇಳಿದ. ಅವರು ಹೂಜಿಯಿಂದ ಲೋಟಕ್ಕೆ ಬಗ್ಗಿಸಿ, ಅವನ ಬಾಯಿಯತ್ತ ಒಯ್ದು, ಅರ್ಧದಲ್ಲೇ ಕೈ ತಡೆದರು. ಸುತ್ತ ನೋಡಿ ನರ್ಸಮ್ಮನನ್ನು ಕರೆದರು.

"ಇದ್ನ ಕೊಡೂಕೆ ಅಡ್ಡಿಲ್ವೇ?"

"ನೀರೇ ಆಯಿ ಅದು," ಭಾವ ಕೈ ಚಾಚಿದ. "ಕೊಡೇ."

ಬಾಗಿಲು ದಾಟುವ ಮೊದಲು ತಿರುಗಿ ನೋಡಿದೆ. ಭಾವನ ಕೈ ಚಾಚಿಕೊಂಡೇ ಇತ್ತು. ತುಳಸಮ್ಮ ಲೋಟವನ್ನು ಎದೆಗೆ ಹಿಡಿದುಕೊಂಡು, ನರ್ಸಮ್ಮ ತಲೆಯಾಡಿಸುವುದನ್ನೇ ಕಾಯುತ್ತ ನಿಂತಿದ್ದರು.