ಅಕ್ಕ ಬಿಟ್ಟ ಮೀನು

ನನ್ನ ಬಾಯಿಚಪಲ ಊರಿಗೇ ಗೊತ್ತು. ಮೀನಿಲ್ಲದ ದಿನ ಎಷ್ಟು ಉಂಡರೂ ಊಟವಾಯಿತೆಂದು ನಾಲಗೆ ಒಪ್ಪುವುದಿಲ್ಲ. ಎರ್ಮಾಳಿನಲ್ಲಿ, ದೋಣಿಗೆ ಹೋಗುವವರ ಮನೆಯಲ್ಲಿ ಹುಟ್ಟಿದವನು ಬೇರೆ ಹೇಗಿರಲು ಸಾಧ್ಯ? ನಾನು ಹೊಟ್ಟೆಯಲ್ಲಿದ್ದಾಗ ಅಮ್ಮ ಎರಡು ಹೊತ್ತೂ ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ ಸಾರು ಉಂಡವಳಂತೆ. ಬಸುರಿ ತಿಂದದ್ದೇ ಮಗುವಿನ ಬುದ್ಧಿಯಾಗುತ್ತದೆ ಎಂದು ಯಾರಾದರೂ ವಾದಿಸಿದರೆ, ನಾನು ಎಸ್ಸೆಸ್ಸೆಲ್ಸಿ ಗಣಿತವನ್ನು ಮತ್ತೆ ಮತ್ತೆ ಕಟ್ಟಿ ಪಾಸಾದ ಕಥೆ ಹೇಳುತ್ತೇನೆ.

ಬಸುರಿಯ ತಟ್ಟೆಗೆ ಇಣುಕದವರು ನಮ್ಮಲ್ಲಿ ಯಾರೂ ಇಲ್ಲ. ಪಪ್ಪಾಯಿ ಕೂಡದು, ಜೋಡಿ ಬಾಳೆಹಣ್ಣು ತಿಂದರೆ ಅವಳಿ ಹುಟ್ಟುತ್ತದೆ, ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ. ಮಗುವಿನ ಬಣ್ಣದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ಹಿರಿಯರು ಮಗುವಿನ ತಲೆಯನ್ನು ಮಾತ್ರ ದೇವರಿಗೆ ಬಿಟ್ಟಿದ್ದರು.

ನನ್ನ ಅಕ್ಕ ಕುಸುಮಳನ್ನು ಕಾಪುವಿಗೆ ಕೊಟ್ಟಿತ್ತು. ಬಹಳ ವರ್ಷ ಮಕ್ಕಳಾಗಲಿಲ್ಲ. ಕೊನೆಗೆ ಅವಳೊಂದು ಹರಕೆ ಹೊತ್ತಳು: ಮಗು ಮಡಿಲಿಗೆ ಬರುವ ತನಕ ಮೀನು ಮುಟ್ಟುವುದಿಲ್ಲ. ಕಡಲ ಬದಿಯ ಹೆಂಗಸು ಬಿಡುವುದಕ್ಕೆ ಮೀನಿಗಿಂತ ದೊಡ್ಡದು ಇನ್ನೇನಿದೆ? ಗಂಡ ತಂದ ಮೀನನ್ನು ಕೊಯ್ದು, ಬೇಯಿಸಿ, ಎಲ್ಲರಿಗೂ ಬಡಿಸಿ, ತಾನು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತಿದ್ದಳು. ಗರ್ಭ ನಿಂತಿತು. ಹರಕೆಯೂ ಮುರಿಯದೆ ನಿಂತಿತು.

"ಈಗಲಾದರೂ ಒಂದು ತುಂಡು ತಿನ್ನು ಮಾರಾಯ್ತಿ, ಎರಡು ಜೀವ ಉಂಟು" ಎಂದು ಅಮ್ಮ ಗೋಗರೆದಳು.

"ಅರ್ಧದಲ್ಲಿ ಮುರಿದರೆ ಕೊಟ್ಟವನೇ ವಾಪಸ್ ತೆಗೆದುಕೊಂಡರೆ ಎಂತ ಮಾಡುವುದು ಅಮ್ಮ?" ಎಂದಳು ಅಕ್ಕ.

ಹುಟ್ಟಿದ ಸಂದೀಪ ಮುದ್ದಿನ ಹುಡುಗ. ಆದರೆ ಮಾತು ತಡವಾಯಿತು, ಎರಡನೇ ಕ್ಲಾಸಿಗೆ ಬಂದರೂ ಅಕ್ಷರ ತಲೆಗೆ ಹತ್ತಲಿಲ್ಲ. ಟೀಚರು ಹೇಳಿದರೆಂದು ಅವನನ್ನು ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಲು ಹೊರಟೆವು. ನಾನೂ ಜೊತೆಗಿದ್ದೆ. ನಾವು ಕಾಯುತ್ತಿದ್ದ ಜಾಗದ ಎದುರಿಗೇ ಒಬ್ಬಳು ನರ್ಸ್ ಬಸುರಿಯರನ್ನು ಕೂರಿಸಿಕೊಂಡು ಹೇಳುತ್ತಿದ್ದಳು: "ಬೂತಾಯಿ, ಬಂಗುಡೆ ತಿನ್ನಿ. ಮಗುವಿನ ಮೆದುಳು ಬೆಳೆಯಲಿಕ್ಕೆ ಒಳ್ಳೆಯದು. ಮೀನು ತಿನ್ನದವರು ಮೊಟ್ಟೆ, ಬೇಳೆ, ಸೊಪ್ಪು ಬಿಡಬೇಡಿ."

ಅಕ್ಕ ನನ್ನ ಕಡೆ ತಿರುಗಿದಳು. ಆ ಮುಖವನ್ನು ನೋಡಲು ನನ್ನಿಂದಾಗಲಿಲ್ಲ. ನನ್ನ ಗಣಿತದ ಕಥೆಯನ್ನು ತೆಗೆದೆ. ಎಲ್ಲೆಡೆ ನಗಿಸುವ ಆ ಕಥೆ ಅಲ್ಲಿ ನಗಿಸಲಿಲ್ಲ.

ಒಳಗೆ ಅವಳು, ತಾನು ಮೀನು ಬಿಟ್ಟದ್ದಕ್ಕೇ ಹೀಗಾಯಿತೇ ಎಂದು ಡಾಕ್ಟರನ್ನು ನೇರವಾಗಿಯೇ ಕೇಳಿದಳು. ಅವರು ಒಳ್ಳೆಯವರು. "ಮಕ್ಕಳು ಹೀಗಾಗುವುದಕ್ಕೆ ನೂರು ಕಾರಣ ಇರುತ್ತವೆ ಅಮ್ಮ. ಅದರಿಂದಲೇ ಆಯಿತು ಅಂತ ಯಾರೂ ಹೇಳಲಿಕ್ಕೆ ಆಗುವುದಿಲ್ಲ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಸಂದೀಪ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಉಡುಪಿ ದಾಟಿದ ಮೇಲೆ ಅಕ್ಕ ಬಾಯಿ ಬಿಟ್ಟಳು. "ಹೇಳಲಿಕ್ಕೆ ಆಗುವುದಿಲ್ಲ ಅಂದರು. ಅಲ್ಲ ಅಂತ ಹೇಳಲಿಲ್ಲ, ಅಲ್ವಾ?"

ನನಗೆ ದುಃಖ ಒತ್ತರಿಸಿ ಬಂತು. ಜಾರುತ್ತಿದ್ದ ಸಂದೀಪನ ಕಾಲುಗಳನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡೆ.

ಮುಂದಿನ ಭಾನುವಾರ ಕಾಪುವಿಗೆ ಹೋದೆ. ನನಗೆ ಹುರಿದ ಬಂಗುಡೆ ಬಡಿಸಿದಳು, ಸಂದೀಪನಿಗೆ ಮುಳ್ಳು ಬಿಡಿಸಿ ತಿನ್ನಿಸಿದಳು. ಅವಳ ತಟ್ಟೆಯಲ್ಲಿ ಮತ್ತೆ ಗಂಜಿ, ಉಪ್ಪಿನಕಾಯಿ.

"ನಿನಗೆ?"

"ಬಿಟ್ಟೆ ಮಾರಾಯ. ಇವನಿಗೆ ಓದಲಿಕ್ಕೆ ಬರುವ ತನಕ."

ನನಗೆ ಸಿಟ್ಟೇ ಬಂತು. "ಅಕ್ಕ, ಆ ನರ್ಸ್ ಹೇಳಿದ್ದು ತಿನ್ನಲಿಕ್ಕೆ!"

"ತಿನ್ನುವ ಹೊತ್ತು ದಾಟಿತಲ್ಲ" ಎಂದಳು. "ನಾನು ಈಗ ತಿಂದರೆ ಇವನಿಗೆ ಎಂತ ಸಿಗುತ್ತದೆ? ಬಿಡುವುದೊಂದೇ ನನ್ನ ಕೈಯಲ್ಲಿ ಉಂಟು."

ತಾಯಂದಿರ ಹರಕೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಅನ್ನ ಬಿಟ್ಟವರು, ಉಪ್ಪು ಬಿಟ್ಟವರು, ಒಪ್ಪೊತ್ತು ಉಂಡವರು. ಮಗುವಿಗಾಗಿ ಹೊಟ್ಟೆ ತುಂಬ ಉಣ್ಣುತ್ತೇನೆ ಎಂದು ಹರಕೆ ಹೊತ್ತವಳನ್ನು ಇನ್ನೂ ಕಂಡಿಲ್ಲ. ಅಂಥ ಹರಕೆಯೂ ದೇವರಿಗೆ ಸಲ್ಲುತ್ತದೆ ಎಂದು ಅವಳು ಬಸುರಿಯಾಗಿದ್ದಾಗ ಯಾರಾದರೂ ಹೇಳಿದ್ದರೆ, ಅಕ್ಕ ಅದನ್ನೂ ಒಂದು ಹೊತ್ತೂ ತಪ್ಪಿಸದೆ ತೀರಿಸುತ್ತಿದ್ದಳು.