ಸೊನ್ನೆ ಒತ್ತಿದ ಹುಡುಗಿ

ಎರಡು ಜಡೆ ಹಾಕಿದ್ದಳು ಎಂದು ಬರೆದು ಹೊಡೆದುಹಾಕಿದೆ. ಆ ಕಾಲದಲ್ಲಿ ನಮ್ಮ ಶಾಲೆಯ ಹುಡುಗಿಯರೆಲ್ಲ ಎರಡು ಜಡೆಯವರೇ. ಅವಳ ಮುಖ ಮರೆತದ್ದಕ್ಕೆ ನೆನಪು ಜಡೆ ಕೊಟ್ಟು ನನ್ನನ್ನು ಸಮಾಧಾನಪಡಿಸುತ್ತಿದೆ, ಅಷ್ಟೆ. ಅವಳು ಒತ್ತಿದ ಸೊನ್ನೆ ಮಾತ್ರ ಖಂಡಿತ.

ಮುಂಬಯಿಯ ಭಾಂಡುಪಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ತೊಂಬತ್ತರ ಆಸುಪಾಸಿನಲ್ಲಿ ಶಾಲೆಗೆ ಒಂದೇ ಒಂದು ಕಂಪ್ಯೂಟರ್ ಬಂತು. ಅದರಲ್ಲೊಂದು ಕೆರೆ. ಪಾಚಿ ಎಷ್ಟು, ಅದನ್ನು ತಿನ್ನುವ ಸಣ್ಣ ಮೀನು ಎಷ್ಟು, ಅವನ್ನು ತಿನ್ನುವ ದೊಡ್ಡ ಮೀನು ಎಷ್ಟು ಎಂದು ಮಕ್ಕಳು ಅಂಕಿ ಒತ್ತಬೇಕು. ಪರದೆಯ ಮೇಲೆ ವರ್ಷಗಳು ಓಡಿ, ಕೆರೆ ಬದುಕಿತೋ ಸತ್ತಿತೋ ಕಾಣುತ್ತದೆ. ಒತ್ತಿ, ಕೆಡಿಸಿ, ಕಲಿಯಲಿ ಎಂದೇ ಮಾಡಿದ್ದು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರ ತಪಾಸಣೆ ಹತ್ತಿರ ಬಂತು. "ಸಾಹೇಬರ ಮುಂದೆ ಏನೂ ಎಡವಟ್ಟಾಗಬಾರದು," ಎಂದರು ಹೆಡ್ ಮಾಸ್ತರರು. ತಪಾಸಣೆಗೆ ಮುಂಚೆ ಪ್ರಶ್ನೆ, ಉತ್ತರ ಎರಡನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ನಮ್ಮಲ್ಲಿ ರೂಢಿ. ಕೆರೆಗೂ ಅದನ್ನೇ ಮಾಡಿದೆ. ಕೆರೆ ಸಾಯದಂಥ ಮೂರು ಅಂಕಿಗಳನ್ನು ಹುಡುಕಿ, ಎಂಟನೆಯ ತರಗತಿಯ ಆ ಹುಡುಗಿಗೆ ವಾರವಿಡೀ ಉರು ಹೊಡೆಸಿದೆ. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಅವಳ ತಂದೆಗೆ ಕೆಲಸ. ನಡುವೆ ಒಮ್ಮೆ ಕೇಳಿದಳು:

"ದೊಡ್ಡ ಮೀನೇ ಇಲ್ಲದಿದ್ರೆ ಎಂತ ಆಗ್ತದೆ ಸರ್? ಸಣ್ಣದೆಲ್ಲ ಆರಾಮ ಇರ್ತದಾ?"

"ಅದೆಲ್ಲ ತಪಾಸಣೆ ಆದ್ಮೇಲೆ ನೋಡೋಣಮ್ಮ."

ತಪಾಸಣೆಯ ದಿನ ಅವಳು ಮೊದಲ ಎರಡು ಅಂಕಿ ಸರಿಯಾಗಿ ಒತ್ತಿದಳು. ದೊಡ್ಡ ಮೀನಿಗೆ ಸೊನ್ನೆ. ಸಣ್ಣ ಮೀನುಗಳು ಪರದೆ ತುಂಬಿದವು, ಪಾಚಿ ಮುಗಿಯಿತು, ಆಮೇಲೆ ಏನೂ ಉಳಿಯಲಿಲ್ಲ.

ಧಾರವಾಡದ ಕಡೆಯವರಾದ ಸಾಹೇಬರು ನಕ್ಕರು. "ಏನ್ರೀ ಮಾಸ್ತರ, ನಿಮ್ಮ ಕೆರ್ಯಾಗಿನ ಮೀನೆಲ್ಲಾ ಸತ್ತಹೋದುವಲ್ರೀ! ನಾ ಬಂದದ್ದಕ್ಕೇನು?"

ತರಗತಿಗೆ ತರಗತಿಯೇ ನಕ್ಕಿತು. ಅವಳು ಪರದೆಗೆ ಮುಖ ತಾಗುವಷ್ಟು ಬಾಗಿದ್ದಳು. "ಪಾಚಿ ಸಾಕಾಗ್ಲಿಲ್ಲ ಅವಕ್ಕೆ," ಎಂದಳು, ತನಗೇ ಹೇಳಿಕೊಂಡಂತೆ. ಈ ಮಾತನ್ನು ಅವಳ ಬಾಯಲ್ಲಿ ನಾನೇ ಇಟ್ಟೆನೋ ಏನೋ. ಇದರ ನಂತರದ್ದು ಮಾತ್ರ ನನ್ನದೇ ಮಾತು:

"ಕೈತಪ್ಪಿ ಒತ್ತಿದಳು, ಸಾಹೇಬರೇ."

"ಹೌದೇನವಾ?" ಸಾಹೇಬರು ಅವಳನ್ನೇ ಕೇಳಿದರು.

ಅವಳು ನನ್ನತ್ತ ತಿರುಗಿದಳು. ಆಗ ನನ್ನ ಮುಖ ಹೇಗಿತ್ತೆಂದು ಬಲ್ಲವಳು ಅವಳೊಬ್ಬಳೇ.

"ಹೌದು ಸರ್. ತಪ್ಪಾಯ್ತು."

ಆಮೇಲೆ ಅವಳನ್ನು ಬೈದೆನೇ? ಇಲ್ಲವೆಂದೇ ಬಹಳ ವರ್ಷ ನಂಬಿದ್ದೆ. ಬೈದಿರಲೂಬಹುದು. ಮುಂದಿನ ವಾರ ಅವಳನ್ನೇ ಮೊದಲು ಕೂರಿಸಿ, "ಈಗ ನಿನಗೆ ಬೇಕಾದ್ದು ಒತ್ತಮ್ಮ," ಎಂದೆ. ಅವಳ ಕೈ ಮಡಿಲಿನಿಂದ ಮೇಲೇಳಲಿಲ್ಲ.

"ಯಾವ ನಂಬರ್ ಒತ್ತಬೇಕು ಸರ್? ನೀವೇ ಹೇಳಿ."

ಹಿಂದೆ ಮಕ್ಕಳ ಸಾಲು ತಳ್ಳಾಡುತ್ತಿತ್ತು, ಪೀರಿಯಡ್ ಮುಗಿಯುವುದರಲ್ಲಿತ್ತು. ಅವಳಾಗಿ ಒತ್ತುವವರೆಗೂ ಕಾದೆ ಎಂದು ಬರೆಯಲು ಈಗಲೂ ಆಸೆಯಾಗುತ್ತದೆ. ಕಾಯಲಿಲ್ಲ. ನಂಬರ್ ಹೇಳಿದೆ.