ಆದಾಯಕ್ಕೆ ಚೌಕಾಸಿ

"ಹೋದ ವರ್ಷದಷ್ಟ ಹಿಡಿಯೂಣ್ರೀ ಶೆಟ್ರ," ಎಂದರು ಕುಲಕರ್ಣಿ.

"ಮೂರರಲ್ಲಿ ಒಂದು ಪಾಲು ಹಿಡೀರಿ," ಎಂದೆ ನಾನು.

"ಅಷ್ಟ ಕಮ್ಮಿ ಆಗಂಗಿಲ್ಲ."

"ಹಾಗಾದ್ರೆ ಅರ್ಧ. ಫೈನಲ್."

"ಆತು ತಗೋರಿ, ಅರ್ಧ."

ಚಹಾ ಬಂತು. ಇಬ್ಬರೂ ಗೆದ್ದವರ ಹಾಗೆ ಕುಡಿದೆವು.

ಯಾವುದೋ ಹಳೆ ಗ್ರೈಂಡರ್ ಕೈ ಬದಲಾಯಿತು ಅಂದುಕೊಂಡಿರಾ? ಹೋಟೆಲುಗಳ ಸೆಕೆಂಡ್ ಹ್ಯಾಂಡ್ ಅಡುಗೆ ಸಾಮಾನು ಕೊಂಡು ಮಾರುವುದು ನನ್ನ ಕಸುಬು, ನಿಜ. ಆದರೆ ಕುಲಕರ್ಣಿ ನನ್ನ ಗಿರಾಕಿಯಲ್ಲ, ಸಿ.ಎ. ಧಾರವಾಡದವರು, ವಡಾಲದಲ್ಲಿ ಆಫೀಸು. ನಾವು ಕುದುರಿಸಿದ್ದು ಗ್ರೈಂಡರ್ ಅಲ್ಲ, ಈ ವರ್ಷದ ನನ್ನ ಆದಾಯ.

ಸಂಬಳದವರಿಗೆ ಈ ಸಂಕಟ ತಿಳಿಯದು (ಕೈಗೆ ಬರುವ ಮೊದಲೇ ಕಂಪನಿ ಕತ್ತರಿಸಿರುತ್ತದೆ). ವ್ಯಾಪಾರಿ ಮಾತ್ರ ವರ್ಷ ಮುಗಿಯುವ ಮುಂಚೆಯೇ, ಇನ್ನೂ ದುಡಿಯದ ದುಡ್ಡನ್ನು ಅಂದಾಜು ಮಾಡಿ, ನಾಲ್ಕು ಕಂತಿನಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು. ಎರಡನೆಯ ಕಂತು ಸೆಪ್ಟೆಂಬರ್ ಹದಿನೈದರೊಳಗೆ.

ಆ ಅಂದಾಜಿಗೆ ನಾನೂ ಕುಲಕರ್ಣಿಯೂ ಪ್ರತಿ ವರ್ಷ ಹೀಗೆಯೇ ಕೂರುವುದು. ನಾನು ಇಳಿಸುತ್ತೇನೆಂದು ಅವರು ಏರಿಸಿ ಹೇಳುತ್ತಾರೆ. ಅವರು ಏರಿಸಿದ್ದಾರೆಂದು ನಾನು ಇಳಿಸುತ್ತೇನೆ. ವ್ಯಾಪಾರ ವರ್ಷ ವರ್ಷ ಒಂದೇ ಹದದಲ್ಲಿ ಇದ್ದುದರಿಂದ ನಡುವಿನ ಅಂಕಿ ಹೆಚ್ಚುಕಮ್ಮಿ ಸರಿಯಾಗಿಯೇ ಬೀಳುತ್ತಿತ್ತು.

ಕೆಡಿಸಿದ್ದು ಹೋದ ವರ್ಷ. ಪವಾಯಿಯ ದೊಡ್ಡ ಆಫೀಸೊಂದು ತನ್ನ ಕ್ಯಾಂಟೀನನ್ನು ಪೂರ್ತಿ ಬದಲಾಯಿಸಿತು. ಹಳೆಯ ಸಾಮಾನು ಎತ್ತಿದ್ದು ನಾನು, ಹೊಸದು ಕೂರಿಸಿದ್ದೂ ನಾನೇ. ಮೂರು ವರ್ಷದ ಗಳಿಕೆ ಒಂದೇ ವರ್ಷದಲ್ಲಿ ಬಂತು. ಅಂಥ ಆರ್ಡರು ಮತ್ತೆ ಬರುತ್ತದೆಯೇ? ಈ ವರ್ಷ ಅದೇ ಹಳೆ ನಾನು, ಅದೇ ಎರಡು ಬರ್ನರಿನ ಒಲೆ, ಅದೇ ತುಕ್ಕು ಹಿಡಿದ ಫ್ರೀಜರು.

ಹೋದ ವರ್ಷದ ಗಳಿಕೆಯಲ್ಲಿ ತೆರಿಗೆ ಕಳೆದು ಉಳಿದದ್ದನ್ನು ನಾನು ಮುಟ್ಟಿರಲಿಲ್ಲ. ಮುಲುಂಡ್‌ನಲ್ಲಿ ನನ್ನ ಸಾಮಾನು ಇಡುವ ಗಾಲಾ ಇದೆ (ಇಂಡಸ್ಟ್ರಿಯಲ್ ಎಸ್ಟೇಟಿನ ಬಾಡಿಗೆ ಮಳಿಗೆಗೆ ಇಲ್ಲಿ ಹಾಗೆನ್ನುತ್ತೇವೆ). ಅದರ ಮಾಲೀಕ ಸೇಠ್ ಈಗ ಅದನ್ನು ಮಾರಲು ಹೊರಟಿದ್ದಾರೆ. "ಪೆಹಲಾ ಹಕ್ ತುಮ್ಹಾರಾ, ಶೆಟ್ಟಿ," ಎಂದರು. ಮೊದಲ ಹಕ್ಕು ನನ್ನದೇ. ಆದರೆ ಈ ತಿಂಗಳೊಳಗೆ ಮುಂಗಡದ ಟೋಕನ್ ಕೊಡಬೇಕು, ಇಲ್ಲದಿದ್ದರೆ ಬೇರೆ ಪಾರ್ಟಿ ರೆಡಿ. ಕ್ಯಾಂಟೀನಿನ ಮೋರಿಯ ಪಕ್ಕ ಪಾತ್ರೆ ತಿಕ್ಕುತ್ತ ಈ ಊರಿನ ಬದುಕು ಶುರು ಮಾಡಿದವನಿಗೆ ಸ್ವಂತ ಗಾಲಾ ಅಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕೇ?

ವಡಾಲದಿಂದ ಲೋಕಲ್ ಹತ್ತಿದೆ. ಕುರ್ಲಾದಲ್ಲಿ ಬದಲಾಯಿಸಿ, ಕಂಬಿ ಹಿಡಿದು ನಿಂತಾಗ ಮನಸ್ಸಿನಲ್ಲೇ ಕಳೆದು ನೋಡಿದೆ. ಅರ್ಧಕ್ಕೆ ಒಪ್ಪಿದ ಲೆಕ್ಕದಲ್ಲಿ ಕಂತು ಕಟ್ಟಿದರೆ ಟೋಕನ್‌ಗೆ ದುಡ್ಡು ಸಾಲದು. ಮುಲುಂಡ್ ಬಂದದ್ದೂ ಗೊತ್ತಾಗಲಿಲ್ಲ. ಹಿಂದಿನವರು ನೂಕಿದ್ದರಿಂದ ಇಳಿದೆ.

ಮನೆಯಲ್ಲಿ ಹೆಂಡತಿ ಸುಮತಿ ಮುಖ ನೋಡಿಯೇ ಕೇಳಿದಳು, "ಎಂತಾಯ್ತು?" ಹೇಳಿದೆ.

"ಅದು ಸರಿ. ಏಪ್ರಿಲ್‌ನಿಂದ ಈಚೆಗೆ ನಿಜಕ್ಕೂ ಎಷ್ಟು ದುಡಿದಿದ್ದೀರಿ?"

"ಅದನ್ನು ನೋಡಿಲ್ಲ."

"ಕುಲಕರ್ಣಿಯವರು?"

"ಅವರೂ ನೋಡಿಲ್ಲ."

"ಮತ್ತೆ ಯಾವುದರ ಮೇಲೆ ಮಾತಾಡಿದ್ದು ಮಾರಾಯ್ರೆ ನೀವಿಬ್ಬರು? ಸರ್ಕಾರ ಎಂತ ಸ್ಟೇಷನ್ ಹೊರಗೆ ತರಕಾರಿ ಹರವಿ ಕೂತ ಭಾಜಿವಾಲಿಯಾ, ಹತ್ತು ಕಮ್ಮಿ ಮಾಡು ಅನ್ಲಿಕ್ಕೆ?"

ಅವಳು ಹೇಳಿದ್ದು ಸರಿ. ಕೊಳ್ಳುವವನು ಒಬ್ಬ, ಮಾರುವವನು ಒಬ್ಬ ಇದ್ದರೆ ನಡುವಿನ ಬೆಲೆಗೆ ಅರ್ಥವುಂಟು. ಇಲ್ಲಿ ನಾವಿಬ್ಬರೂ ಒಂದೇ ಕಡೆಯವರು. ತೆರಿಗೆ ಇಲಾಖೆ ಆ ಟೇಬಲ್ಲಿನ ಬಳಿ ಇರಲೇ ಇಲ್ಲ.

ಮರುದಿನ ಅಂಗಡಿಯ ಬಿಲ್ಲುಗಳನ್ನು ಹರವಿಕೊಂಡು ಕೂತೆ. ಕೊಂಡದ್ದು, ಮಾರಿದ್ದು, ಟೆಂಪೊ ಬಾಡಿಗೆ, ವೆಲ್ಡಿಂಗ್ ಕೂಲಿ. ಆಗಸ್ಟ್‌ವರೆಗಿನ ಲಾಭ ತೆಗೆದು, ಉಳಿದ ತಿಂಗಳುಗಳನ್ನೂ ಅದೇ ಗತಿಯಲ್ಲಿ ಹಿಡಿದೆ. ಹೋದ ವರ್ಷದ ಮೂರರಲ್ಲಿ ಒಂದು ಪಾಲಿನ ಆಸುಪಾಸು ಬಂತು. ಅಂದರೆ ಚೌಕಾಸಿಗೆಂದು ನಾನು ಬಾಯಿಗೆ ಬಂದಂತೆ ಹೇಳಿದ ಅಂಕಿಯೇ ನಿಜ.

ಕುಲಕರ್ಣಿಗೆ ಫೋನ್ ಮಾಡಿ ಅಂಕಿ ಹೇಳಿದೆ. ಅವರು ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟಿದರು.

"ಶೆಟ್ರ, ಜೂನ್‌ನ್ಯಾಗ ನೀವು ಊರಿಗೆ ಹೋಗಿದ್ರಿ. ವಾದಾ ಮಾಡಾಕ ಯಾರೂ ಇರಲಿಲ್ಲ. ನೀವು ಸಹಿ ಮಾಡಿಟ್ಟ ಚೆಕ್‌ನ್ಯಾಗ, ಹೋದ ವರ್ಷದ ಲೆಕ್ಕ ಹಿಡಿದು ಮೊದಲನೇ ಕಂತು ಕಟ್ಟಿಸಿಬಿಟ್ಟಿದ್ದೆ."

"ಅಂದ್ರೆ?"

"ಅಂದ್ರ ಕಟ್ಟಬೇಕಾದ್ದರ ಮೂರು ಪಟ್ಟು ಹೋಗೈತಿ, ಸೆಪ್ಟೆಂಬರ್‌ದೂ ಅದರಾಗ ಮುಗದೈತಿ. ಈಗ ಏನೂ ಕಟ್ಟೂದಿಲ್ಲ."

ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. "ಮುಂದೆ ದೊಡ್ಡ ಆರ್ಡರ್ ಬಂದರೆ?"

"ಡಿಸೆಂಬರ್‌ನ್ಯಾಗ ಅಂದಾಜು ಏರಿಸೂಣು. ಹಿಂದ ಕಮ್ಮಿ ಬಿದ್ದಿದ್ದಕ್ಕ ತಿಂಗಳಿಗೆ ನೂರಕ್ಕ ಒಂದು ರೂಪಾಯಿ ಬಡ್ಡಿ."

"ನಾವೇ ಜಾಸ್ತಿ ಕಟ್ಟಿದ್ದರೆ?"

"ರಿಫಂಡ್ ಮುಂದ್ ಬರತೈತಿ. ಅದಕ್ಕ ಅವರು ಕೊಡೂದು ಅರ್ಧ ರೂಪಾಯಿ."

"ಇದ್ಯಾವ ನ್ಯಾಯ?"

"ಇದಕ್ಕೂ ಚೌಕಾಸಿ ಮಾಡಾವ್ರೇನು?"

ಆದ್ದರಿಂದ ಓದುಗರೇ, ಏರಿದ ವರ್ಷದ ಮರುವರ್ಷ ಎಚ್ಚರ. ಹಿಂದಿನ ಅಂಕಿಯನ್ನು ಹಾಗೇ ಹಿಡಿದರೆ ಗಲ್ಲಾ ಪೆಟ್ಟಿಗೆ ಬರಿದು. ಭಯಪಟ್ಟು ಕತ್ತರಿಸಿದರೆ ಬಡ್ಡಿ. ಪ್ರತಿ ಕಂತಿಗೆ ಮೊದಲು ಈ ವರ್ಷದ ಬಿಲ್ಲು ನೋಡಿ, ಅಂದಾಜು ಬದಲಿಸಿ. ಸಿ.ಎ. ಹೇಳುವುದನ್ನು ಕೇಳಿ, ಆದರೆ ಅಂಕಿ ನೀವು ಒಯ್ದು ಕೊಡಿ. ಒಳ್ಳೆಯ ಆರ್ಡರಿನ ಅಡ್ವಾನ್ಸ್ ಬಂದ ದಿನವೇ ತೆರಿಗೆಯ ಪಾಲನ್ನು ಬೇರೆ ಖಾತೆಗೆ ಹಾಕಿ, ಆ ಖಾತೆಯ ಎ.ಟಿ.ಎಂ. ಕಾರ್ಡನ್ನು ಹೆಂಡತಿಯ ಕೈಗೆ ಕೊಡಿ. (ನನ್ನದು ಈಗ ಸುಮತಿಯ ಬಳಿ ಇದೆ. ಕೇಳಿದರೂ ಕೊಡುವುದಿಲ್ಲ.)

ಸೇಠ್‌ಗೆ ಟೋಕನ್ ಕೊಟ್ಟೆ. ಗಾಲಾ ನನ್ನದಾಗುವ ದಾರಿಯಲ್ಲಿದೆ. ಕೈ ಮಾತ್ರ ಪೂರ್ತಿ ಖಾಲಿ. ಡಿಸೆಂಬರಿಗೆ ಕಂತು ದೊಡ್ಡದಾದರೆ ಎಲ್ಲಿಂದ ತರಲಿ? ಫೋನ್ ರಿಂಗಾದರೆ ಎಲ್ಲಿ ದೊಡ್ಡ ಆರ್ಡರೋ ಎಂದು ಹೆದರುತ್ತೇನೆ.

ನಿನ್ನೆ ರಿಂಗಾಯಿತು. ಉಡುಪಿ ಕಡೆಯ ಹೋಟೆಲಿನವರು, ನನ್ನ ಹಳೆಯ ಗಿರಾಕಿ. ದೀಪಾವಳಿಗೆ ಮುಂಚೆ ಎರಡು ಬ್ರ್ಯಾಂಚ್ ತೆರೆಯುತ್ತಾರಂತೆ, ಎರಡೂ ಅಡುಗೆಮನೆಯ ಪೂರ್ತಿ ಸೆಟ್ ಬೇಕು. ನನ್ನ ಬಾಯಿಂದ ಬಂದದ್ದು, "ಮಾರ್ಚ್ ಕಳೆದ ಮೇಲೆ ಮಾಡುವನಾ?"

ಆ ಕಡೆಯಿಂದ ಮೆಲ್ಲಗೆ ಕೇಳಿದರು, "ಶೆಟ್ರೆ, ಉಷಾರಿಲ್ವಾ ಎಂತ?"

ಲಾಭ ಬಂದೀತೆಂದು ಹೆದರಿ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿದ ವ್ಯಾಪಾರಿಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?